ಜೀವಾವಧಿ ಶಿಕ್ಷೆ ಮುಗಿಸಿ ಬಂದವನಿಗೆ ಕೆಲಸ ಕೊಡಲೇ? ಜೈಲಿನಲ್ಲಿ ಮನುಷ್ಯ ನಿಜವಾಗಿ ಸುಧಾರಿಸುತ್ತಾನೆಯೇ?

ಬಡಗಿ ಅಂಗಡಿ, ದಾವಣಗೆರೆ

ನನ್ನದು ಬಾಗಿಲು, ಕಿಟಕಿ, ಮಂಚ ಮಾಡಿಕೊಡುವ ಸಣ್ಣ ಅಂಗಡಿ. ಏಳು ಜನ ಕೆಲಸಕ್ಕಿದ್ದಾರೆ. ಪರಿಚಯದ ಮೇಷ್ಟರೊಬ್ಬರು ಮೊನ್ನೆ ಒಬ್ಬನನ್ನು ಕರೆತಂದು ‘ಇವನಿಗೆ ಏನಾದರೂ ಕೆಲಸ ಕೊಡಪ್ಪ’ ಎಂದರು. ಐವತ್ತರ ಆಸುಪಾಸಿನವನು. ಹೊಲದ ಬದುವಿನ ಜಗಳದಲ್ಲಿ ದಾಯಾದಿಯನ್ನು ಕೊಂದು, ಜೀವಾವಧಿ ಶಿಕ್ಷೆಯಾಗಿ, ಹದಿನಾಲ್ಕು ವರ್ಷ ದಾಟಿದ ಮೇಲೆ ಸನ್ನಡತೆಯ ಆಧಾರದಲ್ಲಿ ಬಿಡುಗಡೆಯಾದವನು. ಮರಗೆಲಸ ಕಲಿತದ್ದೇ ಜೈಲಿನಲ್ಲಿ.

ಕೆಲಸ ಮಾಡಿಸಿ ನೋಡಿದೆ. ತಪ್ಪು ಹುಡುಕಲು ಏನೂ ಸಿಗಲಿಲ್ಲ. ಸಂಜೆ ಉಳಿ, ಸುತ್ತಿಗೆ, ಗರಗಸ ಎಲ್ಲವನ್ನೂ ಒರೆಸಿ ಮೇಜಿನ ಮೇಲೆ ಸಾಲಾಗಿ ಜೋಡಿಸಿ ‘ಎಣಿಸಿಕೊಳ್ಳಿ ಯಜಮಾನರೇ’ ಎಂದ. ಬೇಡ ಮಾರಾಯ ಎಂದರೂ ಕದಲಲಿಲ್ಲ. ನಾನು ಎಣಿಸಿ ‘ಸರಿ ಇದೆ’ ಎಂದ ಮೇಲೆಯೇ ಕೈತೊಳೆಯಲು ಹೋದ.

ತೊಂದರೆ ಏನೆಂದರೆ, ಹಿಂದಿನ ಕೋಣೆಯಲ್ಲಿ ಮಲಗುವ ಹುಡುಗರಿಬ್ಬರು ‘ಅವನಿದ್ದರೆ ನಾವಿರುವುದಿಲ್ಲ’ ಎನ್ನುತ್ತಿದ್ದಾರೆ. ಮನೆಯಲ್ಲೂ ಬೇಡ ಎನ್ನುತ್ತಾರೆ. ಅನುಭವ ಇದ್ದವರು, ಓದಿಕೊಂಡವರು ಹೇಳಿ: ಜೈಲಿನಲ್ಲಿ ಜನ ಬದಲಾಗುತ್ತಾರೆಯೇ, ಅಥವಾ ಇದೆಲ್ಲ ಭಾಷಣಕ್ಕೆ ಚೆಂದವೇ?

ಖಾರದಪುಡಿ

ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಹುಟ್ಟುಗುಣ ಸುಟ್ಟರೂ ಹೋಗದು. ಹದಿನಾಲ್ಕು ವರ್ಷ ಸರ್ಕಾರದ ಅನ್ನ ತಿಂದು, ಯೋಗ ಮಾಡಿ, ಪ್ರಮಾಣಪತ್ರ ಹಿಡಿದುಕೊಂಡು ಬಂದ ತಕ್ಷಣ ‘ಸುಧಾರಿಸಿದ’ ಎಂದು ಚಪ್ಪಾಳೆ ತಟ್ಟುವ ಜನಕ್ಕೆ, ಸತ್ತವನ ಹೆಂಡತಿ ಮಕ್ಕಳು ಆ ಹದಿನಾಲ್ಕು ವರ್ಷ ಏನು ತಿಂದರು ಎಂದು ಕೇಳುವ ವ್ಯವಧಾನವಿಲ್ಲ. ಕರ್ನಾಟಕದಲ್ಲಿ ಕೈದಿಯ ದಿನಗೂಲಿ ಐನೂರು ರೂಪಾಯಿ ದಾಟಿದೆ. ಹೊರಗೆ ಕೂಲಿ ಮಾಡುವ ಹೆಂಗಸಿಗೆ ಎಷ್ಟು ಊರಿನಲ್ಲಿ ಅಷ್ಟು ಸಿಗುತ್ತದೆ? ನಿಮ್ಮ ಹುಡುಗರ ಮಾತು ಕೇಳಿ.

ಲೆಕ್ಕದ ಮೇಷ್ಟರು

ಖಾರದಪುಡಿಯವರ ಗಾದೆ ಬಹಳ ಕಾಲ ಸಂಶೋಧನೆಯ ವೇಷದಲ್ಲೂ ಓಡಾಡಿದೆ. 1974ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮಾರ್ಟಿನ್ಸನ್ ಕೈದಿಗಳ ಸುಧಾರಣೆಯ ಕುರಿತ 231 ಅಧ್ಯಯನಗಳನ್ನು ಜಾಲಾಡಿ ಒಂದು ಲೇಖನ ಬರೆದರು. ಅಲ್ಲೊಂದು ಇಲ್ಲೊಂದು ಬಿಟ್ಟರೆ ಯಾವ ಕಾರ್ಯಕ್ರಮವೂ ಮರು ಅಪರಾಧವನ್ನು ಗಮನಾರ್ಹವಾಗಿ ತಗ್ಗಿಸಿಲ್ಲ ಎಂಬುದು ಅದರ ಸಾರ. ಜನರ ಬಾಯಲ್ಲಿ ಅದು ‘ಯಾವುದೂ ಕೆಲಸ ಮಾಡುವುದಿಲ್ಲ’ ಎಂದಾಯಿತು. ಖರ್ಚು ಉಳಿಸಬೇಕಾದ ರಾಜಕಾರಣಿಗೂ ಕಠಿಣ ಶಿಕ್ಷೆ ಬೇಕೆಂದವರಿಗೂ ಅದೇ ಬೇಕಿತ್ತು. 1979ರಲ್ಲಿ ಅದೇ ಮಾರ್ಟಿನ್ಸನ್, ಹೊಸ ಅಧ್ಯಯನಗಳನ್ನು ನೋಡಿ, ಕೆಲವು ಕಾರ್ಯಕ್ರಮಗಳು ಫಲ ಕೊಡುತ್ತವೆ, ಕೆಲವು ಹಾನಿಯನ್ನೇ ಮಾಡುತ್ತವೆ ಎಂದು ಬರೆದರು. ಮೊದಲನೆಯದನ್ನು ಎಲ್ಲರೂ ಓದಿದ್ದರು, ಎರಡನೆಯದಕ್ಕೆ ಓದುಗರೇ ಇರಲಿಲ್ಲ.

‘ಸುಧಾರಣೆ ಆಗುತ್ತದೆಯೇ’ ಎಂದು ಒಟ್ಟಾರೆ ಕೇಳಿದರೆ ಉತ್ತರ ಸಿಗುವುದಿಲ್ಲ. ಯಾರಿಗೆ, ಯಾವುದರಿಂದ, ಎಷ್ಟು ಎಂದು ಕೇಳಬೇಕು. ನಿಮ್ಮ ಅಂಗಡಿಗೆ ಬಂದವನು ಐವತ್ತರ ಹತ್ತಿರದವನು. ಅಪರಾಧ ಹೆಚ್ಚಾಗಿ ಹದಿಹರೆಯ ಮತ್ತು ಇಪ್ಪತ್ತರ ಹರೆಯದ ಕೆಲಸ, ವಯಸ್ಸಾದಂತೆ ಇಳಿಯುತ್ತದೆ. ಇದು ಬಹುಪಾಲು ದೇಶಗಳಲ್ಲಿ ಕಂಡ ಸಂಗತಿ. ಅಮೆರಿಕದ 30 ರಾಜ್ಯಗಳಲ್ಲಿ 2005ರಲ್ಲಿ ಬಿಡುಗಡೆಯಾದವರನ್ನು ಐದು ವರ್ಷ ಗಮನಿಸಿದಾಗ, ಕಳವಿನಂತಹ ಆಸ್ತಿ ಅಪರಾಧದವರಲ್ಲಿ ಶೇ 82.1ರಷ್ಟು ಮಂದಿ ಮತ್ತೆ ಬಂಧನಕ್ಕೊಳಗಾಗಿದ್ದರು. ಹಿಂಸಾಪರಾಧದವರಲ್ಲಿ ಶೇ 71.3. ಎರಡೂ ಭಯ ಹುಟ್ಟಿಸುವ ಅಂಕಿಗಳೇ, ಆದರೆ ಕ್ರಮ ನೋಡಿ. ನಾವು ಹೆದರುವುದು ಕೊಲೆ ಮಾಡಿದವನಿಗೆ, ಮರಳಿ ಹೋಗುವವನು ಹೆಚ್ಚಾಗಿ ಕಳ್ಳ.

ಖಾರದಪುಡಿ

ಅಂದರೆ ನೂರರಲ್ಲಿ ಎಪ್ಪತ್ತೊಂದು ಜನ ಮತ್ತೆ ಸಿಕ್ಕಿಬಿದ್ದರು. ನನ್ನ ಪರವಾಗಿ ವಾದಿಸಿದ್ದಕ್ಕೆ ಧನ್ಯವಾದ.

ಓಸ್ಲೋದಿಂದ

ಇನ್ನೇನು ಯಾರಾದರೂ ‘ಕೈದಿಗಳ ಸುಧಾರಣೆಗೆ ನಾರ್ವೆ ನೋಡಿ’ ಎನ್ನುತ್ತಾರೆ, ಅದಕ್ಕೆ ಮೊದಲು ನಾನೇ ಬರುತ್ತೇನೆ. ಊರು ಶಿವಮೊಗ್ಗ, ಇಲ್ಲಿ ನಾರ್ವೆಯಲ್ಲಿ ನೆಲೆಸಿ ಬಹಳ ಕಾಲವಾಯಿತು. ನಾರ್ವೆಯಲ್ಲಿ ಬಿಡುಗಡೆಯಾದವರಲ್ಲಿ ಎರಡು ವರ್ಷದೊಳಗೆ ಮತ್ತೆ ಶಿಕ್ಷೆಗೊಳಗಾಗುವವರು ಶೇ 20ರಷ್ಟು ಎಂಬ ಅಂಕಿ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತದೆ. ಅದನ್ನು ಅಮೆರಿಕದ ಎಪ್ಪತ್ತರ ಪಕ್ಕ ಇಟ್ಟು ‘ನೋಡಿ’ ಎನ್ನುತ್ತಾರೆ. ಆ ಹೋಲಿಕೆ ನಿಲ್ಲುವುದಿಲ್ಲ. ಅಮೆರಿಕದ್ದು ಮರುಬಂಧನದ ಲೆಕ್ಕ, ಅದೂ ಐದು ವರ್ಷದ್ದು. ಇಲ್ಲಿಯದು ಹೊಸ ಶಿಕ್ಷೆಯ ಲೆಕ್ಕ. ಬಂಧನವಾದವರಿಗೆಲ್ಲ ಶಿಕ್ಷೆಯಾಗುವುದಿಲ್ಲ. ಮೇಲಾಗಿ ಇಲ್ಲಿ ಕುಡಿದು ವಾಹನ ಓಡಿಸಿದವನೂ ಜೈಲಿಗೆ ಹೋಗಿ ಬಂದಿರುತ್ತಾನೆ, ಬಹುಪಾಲು ಶಿಕ್ಷೆಗಳು ಒಂದು ವರ್ಷಕ್ಕಿಂತ ಕಡಿಮೆ. ಅಂಥವರು ಸೇರಿದಾಗ ಅಂಕಿ ತಾನಾಗಿಯೇ ಚೆನ್ನಾಗಿ ಕಾಣುತ್ತದೆ.

ಹಾಗಾದರೆ ಎಲ್ಲ ಸುಳ್ಳೇ? ಅದೂ ಅಲ್ಲ. 2010ರಲ್ಲಿ ಆರಂಭವಾದ ಹಾಲ್ಡೆನ್ ಜೈಲಿನ ಚಿತ್ರ ನೋಡಿ ‘ಹೋಟೆಲ್ ಇದ್ದಂತಿದೆ’ ಎಂದು ಎಲ್ಲರೂ ಅದರ ಕಿಟಕಿ, ಮಂಚದ ಮಾತಾಡುತ್ತಾರೆ. ಇರುವ ವಿಷಯ ಬೇರೆ. ಇಲ್ಲಿ ಜೈಲಿಗೇ ಪ್ರತ್ಯೇಕ ಶಿಕ್ಷಕ, ಪ್ರತ್ಯೇಕ ವೈದ್ಯ ಎಂದು ಇಟ್ಟುಕೊಳ್ಳುವುದಿಲ್ಲ. ಊರಿನ ಶಾಲಾ ವ್ಯವಸ್ಥೆಯೇ ಒಳಗೆ ಬಂದು ಪಾಠ ಮಾಡುತ್ತದೆ, ಆರೋಗ್ಯ ವ್ಯವಸ್ಥೆಯೇ ಚಿಕಿತ್ಸೆ ಕೊಡುತ್ತದೆ, ಕೆಲಸ ಕೊಡಿಸುವ ಸರ್ಕಾರಿ ಇಲಾಖೆಯೂ ಒಳಗೆ ಬರುತ್ತದೆ. ಬಿಡುಗಡೆಯ ದಿನ ಅವನು ಹೊಸ ಕಚೇರಿ ಹುಡುಕಬೇಕಾಗಿಲ್ಲ.

ಇಲ್ಲಿನ ಅರ್ಥಶಾಸ್ತ್ರಜ್ಞರು 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನನಗೆ ಹಿಡಿಸಿತು. ಯಾವ ಮೊಕದ್ದಮೆ ಯಾವ ನ್ಯಾಯಾಧೀಶರಿಗೆ ಹೋಗುತ್ತದೆ ಎಂಬುದು ಚೀಟಿ ಎತ್ತಿದ ಹಾಗೆ. ಕೆಲವರು ಬಿಗಿ, ಕೆಲವರು ಸಡಿಲ. ಹಾಗಾಗಿ ಒಂದೇ ಬಗೆಯ ಆರೋಪಿಗಳಲ್ಲಿ ಕೆಲವರು ಜೈಲಿಗೆ ಹೋಗುತ್ತಾರೆ, ಕೆಲವರು ಹೋಗುವುದಿಲ್ಲ. ಐದು ವರ್ಷದ ಮೇಲೆ ನೋಡಿದರೆ, ಜೈಲಿಗೆ ಹೋದವರೇ ಕಡಿಮೆ ಅಪರಾಧ ಮಾಡಿದ್ದರು. ಆದರೆ ಆ ಲಾಭವೆಲ್ಲ ಬಂದದ್ದು ಮೊದಲು ಉದ್ಯೋಗವೇ ಇಲ್ಲದೆ, ಒಳಗೆ ತರಬೇತಿ ಪಡೆದು, ಹೊರಗೆ ಕೆಲಸಕ್ಕೆ ಸೇರಿದವರಿಂದ. ಮೊದಲೇ ಕೆಲಸದಲ್ಲಿದ್ದವರು ಜೈಲಿಗೆ ಹೋಗಿ ಕೆಲಸ ಕಳೆದುಕೊಂಡರು, ಅವರಿಗೆ ಬೇರೇನೂ ಸಿಗಲಿಲ್ಲ.

ಧಾರವಾಡ ವಕೀಲೆ

ಓಸ್ಲೋದ ಮಾತು ಮುಗಿಯಿತಲ್ಲ, ಈಗ ನಮ್ಮ ಹಿಂಡಲಗಾ, ಪರಪ್ಪನ ಅಗ್ರಹಾರ ಜೈಲುಗಳ ಕಡೆ ಬರೋಣ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ 2022ರ ಕೊನೆಗೆ ದೇಶದ ಜೈಲುಗಳಲ್ಲಿ ಇದ್ದವರು 5,73,220 ಜನ. ಇರುವ ಜಾಗ 4,36,266 ಜನರಿಗೆ. ಇದ್ದವರಲ್ಲಿ ಶೇ 75.8ರಷ್ಟು ಮಂದಿ ವಿಚಾರಣಾಧೀನ ಕೈದಿಗಳು. ಅಂದರೆ ನಾಲ್ವರಲ್ಲಿ ಮೂವರ ಮೇಲಿನ ಆರೋಪ ಇನ್ನೂ ಸಾಬೀತಾಗಿಲ್ಲ. ತಪ್ಪು ಮಾಡಿದ್ದಾನೆಯೇ ಎಂಬುದೇ ತೀರ್ಮಾನವಾಗದವನನ್ನು ಏನೆಂದು ಸುಧಾರಿಸುತ್ತೀರಿ? ಜೈಲಿನ ಕೈಮಗ್ಗ, ಬೇಕರಿ, ಮರಗೆಲಸ ಎಲ್ಲ ಮುಖ್ಯವಾಗಿ ಸಜಾಬಂದಿಗಳಿಗೆ. ವಿಚಾರಣಾಧೀನನು ಬ್ಯಾರಕ್‌ನಲ್ಲಿ ಕುಳಿತು ಮುಂದಿನ ‘ತಾರೀಖು’ ಕಾಯುತ್ತಾನೆ. ಪಕ್ಕದಲ್ಲಿ ಯಾರು ಮಲಗಿದ್ದಾನೋ ಅವನೇ ಗುರು. ಮೊಬೈಲ್ ಕದ್ದು ಒಳಹೋದ ಇಪ್ಪತ್ತರ ಹುಡುಗ ಎಂಟು ತಿಂಗಳಿಗೆ ಹೊರಬರುವಾಗ ಗಾಂಜಾ ಎಲ್ಲಿ ಸಿಗುತ್ತದೆ, ಜಾಮೀನಿಗೆ ಯಾರು ನಿಲ್ಲುತ್ತಾರೆ, ಮುಂದಿನ ಕೆಲಸಕ್ಕೆ ಯಾರ ಜೊತೆ ಹೋಗಬೇಕು ಎಂಬುದನ್ನೆಲ್ಲ ಕಲಿತಿರುತ್ತಾನೆ. ಇದನ್ನು ತೋರಿಸಿ ‘ನೋಡಿ, ಸುಧಾರಣೆ ವಿಫಲ’ ಎನ್ನುವುದು ನನಗಂತೂ ನ್ಯಾಯವೆನಿಸುವುದಿಲ್ಲ. ಅವನಿಗೆ ಯಾರು ಏನು ಕೊಟ್ಟರು, ವಿಫಲವಾಗಲು?

ಕಾಯ್ದೆ ಇಲ್ಲವೆಂದಲ್ಲ. ಜೈಲಿಗೆ ಕಳಿಸದೆ ಉಸ್ತುವಾರಿಯಲ್ಲಿ ಹೊರಗೇ ಬಿಡುವ ಅಪರಾಧಿಗಳ ಪರಿವೀಕ್ಷಣಾ (ಪ್ರೊಬೇಷನ್) ಕಾಯ್ದೆ 1958ರಿಂದ ಇದೆ. ಜೀವಾವಧಿಯಂತಹ ಶಿಕ್ಷೆ ಇಲ್ಲದ ಅಪರಾಧದಲ್ಲಿ, ಇಪ್ಪತ್ತೊಂದು ತುಂಬದವನನ್ನು ಜೈಲಿಗೆ ಕಳಿಸಬೇಕಾದರೆ ನ್ಯಾಯಾಲಯ ಕಾರಣ ಬರೆಯಬೇಕು ಎನ್ನುತ್ತದೆ ಅದರ 6ನೆಯ ಕಲಂ. ಹಾಗೆ ಜೈಲಿಗೆ ಕಳಿಸದೆ ಬಿಟ್ಟವನಿಗೆ ಅಪರಾಧ ಸಾಬೀತಾದ ಕಾರಣದಿಂದ ಅನರ್ಹತೆ ಅಂಟಬಾರದು ಎನ್ನುತ್ತದೆ 12ನೆಯದು. ಎಷ್ಟೋ ವಕೀಲರು ಇದನ್ನು ಕೇಳುವುದೇ ಇಲ್ಲ. ನಾವು ಕೇಳಿದಾಗಲೂ ಪರಿವೀಕ್ಷಣಾಧಿಕಾರಿಯ ವರದಿ ಬರಬೇಕು, ಅವರಿಗೆ ಇನ್ನೂ ಹತ್ತು ಹೊಣೆ. ಈಗ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಮುದಾಯ ಸೇವೆಯೂ ಒಂದು ಶಿಕ್ಷೆ. ಐದು ಸಾವಿರಕ್ಕಿಂತ ಕಡಿಮೆ ಮೌಲ್ಯದ ಕಳವು, ಮೊದಲ ಸಲ, ಮಾಲು ಹಿಂದಿರುಗಿಸಿದ್ದರೆ ಅದೇ ಶಿಕ್ಷೆ. ಒಳ್ಳೆಯದೇ. ಯಾರ ಉಸ್ತುವಾರಿಯಲ್ಲಿ ಆ ಸೇವೆ ನಡೆಯಬೇಕು ಎಂಬುದು ನೆಲಕ್ಕಿಳಿಯುವವರೆಗೆ ಅದೂ ಕಾಗದದ ಮೇಲಿನ ಮಾತು.

ನಿವೃತ್ತ ಜೈಲರ್

ಇಲಾಖೆಯಲ್ಲಿ ಆಯುಷ್ಯ ಸವೆಸಿದವನು. ಯಾವ ಜೈಲು ಎಂದು ಹೇಳುವುದಿಲ್ಲ, ಕೇಳಬೇಡಿ.

ಅಂಗಡಿಯವರೇ, ಅವನು ಹತ್ಯಾರುಗಳನ್ನು ಎಣಿಸಿಕೊಳ್ಳಿ ಎಂದದ್ದು ನಿಮ್ಮ ಮೇಲಿನ ಗೌರವಕ್ಕಲ್ಲ. ಒಳಗೆ ಮರಗೆಲಸದ ಶೆಡ್ಡಿನಲ್ಲಿ ಒಂದು ಉಳಿ ಕಡಿಮೆಯಾದರೆ ಯಾರನ್ನೂ ಬ್ಯಾರಕ್‌ಗೆ ಬಿಡುವುದಿಲ್ಲ. ಎಲ್ಲರ ಮೈ, ಹಾಸಿಗೆ, ಪಾತ್ರೆ ತಡಕಾಡುತ್ತೇವೆ. ಎಣಿಕೆ ಸರಿಬಂದ ಮೇಲೆಯೇ ಊಟ. ಅದು ಅವನ ಮೈಗೆ ಇಳಿದಿದೆ. ಇದನ್ನು ಸುಧಾರಣೆ ಎಂದು ತಿಳಿಯಬೇಡಿ, ಅಪಾಯ ಎಂದೂ ತಿಳಿಯಬೇಡಿ.

ಸನ್ನಡತೆಯ ಬಗ್ಗೆ ಒಂದು ಗುಟ್ಟು ಹೇಳುತ್ತೇನೆ. ಸನ್ನಡತೆ ಎಂದರೆ ಒಳಗೆ ಜಗಳವಾಡದೆ, ಮೊಬೈಲ್ ಇಟ್ಟುಕೊಳ್ಳದೆ, ಪೆರೋಲ್ ಮೇಲೆ ಹೋದವನು ಹೇಳಿದ ದಿನಕ್ಕೆ ವಾಪಸ್ ಬಂದಿರುವುದು. ಹಳಬ ರೌಡಿಗಳಿಗೆ ಇದು ಚೆನ್ನಾಗಿ ಬರುತ್ತದೆ. ಯಾರ ಎದುರು ತಲೆ ತಗ್ಗಿಸಬೇಕು ಎಂದು ಅವರಿಗೆ ಗೊತ್ತು. ಸಿಟ್ಟಿನ ಭರದಲ್ಲಿ ಒಂದೇ ಒಂದು ತಪ್ಪು ಮಾಡಿ ಬಂದ ರೈತ ಮೊದಲ ವರ್ಷ ಅಳುತ್ತಾನೆ, ಎರಡನೆಯ ವರ್ಷ ಎಗರಾಡುತ್ತಾನೆ, ಅವನ ಹಾಳೆಯಲ್ಲೇ ಕೆಂಪು ಗುರುತು ಬೀಳುತ್ತದೆ. ಆಮೇಲೆ ಸಾಧುವಾಗುತ್ತಾನೆ. ಇಂಥವರನ್ನು ಸುಧಾರಿಸಿದ್ದು ನಾವೆಂದು ಹೇಳಿಕೊಂಡರೆ ನನಗೇ ನಗು ಬರುತ್ತದೆ. ಅವರು ಕೆಟ್ಟವರಾಗಿ ಬಂದವರೇ ಅಲ್ಲ.

ಒಳಗೆ ಏನೂ ಆಗುವುದಿಲ್ಲ ಎಂಬುದನ್ನೂ ಒಪ್ಪುವುದಿಲ್ಲ. ಮೈಸೂರಿನಲ್ಲಿ ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟಿಮನಿಯವರು ಕೈದಿಗಳಿಗೆ ನಾಟಕ ಕಲಿಸಿ, ಹೊರಗಿನ ರಂಗಮಂದಿರಗಳಿಗೂ ಕರೆತಂದು ಆಡಿಸಿದ್ದು ಎಲ್ಲರಿಗೂ ಗೊತ್ತು. ನಮ್ಮವರು ಮೊದಲು ‘ಓಡಿಹೋದರೆ ಯಾರ ತಲೆಗೆ’ ಎಂದೇ ಕೇಳಿದ್ದರು. ಸಂಖ್ಯೆಯಿಂದ ಕರೆಸಿಕೊಳ್ಳುವವನು ಮೂರು ತಿಂಗಳು ಮಾತು ಬಾಯಿಪಾಠ ಮಾಡಿ, ಸಾವಿರ ಜನರ ಎದುರು ನಿಂತು, ಮಗಳು ಮೊದಲ ಸಾಲಿನಲ್ಲಿ ಕುಳಿತು ನೋಡುತ್ತಾಳೆ ಎಂದರೆ ಅವನ ಎದೆಯೊಳಗೆ ಏನೋ ಒಂದು ಕದಲುತ್ತದೆ. ಅದನ್ನು ಶೇಕಡಾ ಎಷ್ಟು ಎಂದು ಹೇಳು ಎಂದರೆ ನನ್ನಿಂದಾಗದು.

ಕಾಫಿ ಕುಡಿದು ಬರುತ್ತೇನೆ

ವಿಷಯಾಂತರಕ್ಕೆ ಕ್ಷಮೆ ಇರಲಿ. ನನ್ನ ತಂಗಿಯ ಮಗ ಹದಿನಾರು ವರ್ಷದವನು, ಸಹವಾಸ ಸರಿ ಇಲ್ಲ. ಒಂದು ದಿನ ಜೈಲಿಗೆ ಕರೆದುಕೊಂಡು ಹೋಗಿ ತೋರಿಸಿದರೆ ಬುದ್ಧಿ ಬರಬಹುದೇ? ನಿವೃತ್ತರು ಹೇಳಬೇಕು.

ಲೆಕ್ಕದ ಮೇಷ್ಟರು

ನಿವೃತ್ತರಿಗಿಂತ ಮೊದಲು ನಾನು ನುಗ್ಗುತ್ತೇನೆ: ಬೇಡ. ಎಪ್ಪತ್ತರ ದಶಕದಲ್ಲಿ ಅಮೆರಿಕದ ನ್ಯೂಜೆರ್ಸಿಯ ರಾವೇ ಜೈಲಿನಲ್ಲಿ ಇದೇ ಉಪಾಯ ಹೂಡಿದ್ದರು. ಪುಂಡ ಹುಡುಗರನ್ನು ಒಳಗೆ ಕರೆತಂದು ಜೀವಾವಧಿ ಕೈದಿಗಳಿಂದ ಬೈಸಿ ಹೆದರಿಸುವುದು. ಟಿವಿಯಲ್ಲಿ ಭಾರಿ ಹೆಸರಾಯಿತು. ಆಮೇಲೆ ಚೀಟಿ ಎತ್ತಿ ಕೆಲವರನ್ನು ಕಳಿಸಿ, ಕೆಲವರನ್ನು ಕಳಿಸದೆ ಬಿಟ್ಟು ಹೋಲಿಸಿದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿದರೆ, ಜೈಲು ನೋಡಿ ಬಂದ ಹುಡುಗರೇ ಹೆಚ್ಚು ಅಪರಾಧ ಮಾಡಿದ್ದರು. ಸುಮ್ಮನೆ ಮನೆಯಲ್ಲಿದ್ದರೂ ಮೇಲಾಗುತ್ತಿತ್ತು. ಹುಡುಗನಿಗೆ ಸಂಜೆ ಹೊತ್ತು ಒಂದು ಕೆಲಸವೋ ಆಟವೋ ಹಚ್ಚಿ.

ಹೆಸರು ಬೇಡ

ನಾನು ಇಲ್ಲಿ ಬರೆಯುವವಳಲ್ಲ, ಓದಿ ಸುಮ್ಮನಾಗುವವಳು. ಇವತ್ತು ಸುಮ್ಮನಿರಲಾಗಲಿಲ್ಲ.

ನನ್ನ ಅಣ್ಣನನ್ನು ಕೊಂದವನಿಗೆ ಜೀವಾವಧಿ ಆಯಿತು. ಕೆಲವು ವರ್ಷದ ಮೇಲೆ ಊರಿನ ಜಾತ್ರೆಯಲ್ಲಿ ತೇರಿನ ಹತ್ತಿರ ಅವನು ನಿಂತಿದ್ದ. ಬಿಳಿ ಅಂಗಿ, ಕೈಯಲ್ಲಿ ಮಂಡಕ್ಕಿ ಪೊಟ್ಟಣ. ನನ್ನ ಅಮ್ಮ ನನ್ನ ಪಕ್ಕದಲ್ಲಿದ್ದಳು. ಪೆರೋಲ್ ಮೇಲೆ ಬಂದಿದ್ದಾನೆ ಎಂದು ಆಮೇಲೆ ಯಾರೋ ಹೇಳಿದರು. ಬಿಡುವ ಮೊದಲು ಪೊಲೀಸರು ಬಂದು ಊರಿನವರ ಅಭಿಪ್ರಾಯ ಬರೆದುಕೊಂಡು ಹೋಗಿದ್ದರಂತೆ. ನಮ್ಮ ಮನೆ ಊರಿನಲ್ಲಿ ಇರಲಿಲ್ಲವೇ?

ಅವನು ಸುಧಾರಿಸಬಾರದು ಎಂದು ನಾನು ಹೇಳುವುದಿಲ್ಲ. ಸುಧಾರಿಸಲಿ. ಅವನಿಗೂ ಎರಡು ಮಕ್ಕಳಿದ್ದಾರೆ. ಆದರೆ ಅವನಿಗೆ ಮರಗೆಲಸ ಕಲಿಸಿದವರು, ಕೂಲಿ ಕೊಟ್ಟವರು, ನಾಟಕ ಆಡಿಸಿದವರು ಯಾರೂ ನನ್ನ ಅತ್ತಿಗೆಯ ಬಾಗಿಲಿಗೆ ಬರಲಿಲ್ಲ. ಅವಳು ಹೊಲಿಗೆ ಕಲಿತದ್ದು ಸಾಲ ಮಾಡಿ. ಇಲ್ಲಿ ಎಲ್ಲರೂ ಶೇಕಡಾ ಲೆಕ್ಕ ಹೇಳುತ್ತಿದ್ದೀರಿ, ಅದರಲ್ಲಿ ನಾವು ಯಾವ ಸಾಲಿನಲ್ಲಿದ್ದೇವೆ?

ಖಾರದಪುಡಿ

ಅಕ್ಕ, ನಾನು ಹೇಳಬೇಕೆಂದಿದ್ದು ಇದನ್ನೇ. ನನ್ನ ಬಾಯಲ್ಲಿ ಅದು ಬೈಗುಳವಾಗಿ ಬಂತು. 2022ರ ಆಗಸ್ಟ್ 15ರಂದು ಗುಜರಾತಿನಲ್ಲಿ ಬಿಲ್ಕಿಸ್ ಬಾನು ಸಾಮೂಹಿಕ ಅತ್ಯಾಚಾರ, ಕೊಲೆ ಪ್ರಕರಣದ ಹನ್ನೊಂದು ಜನರನ್ನು ಸನ್ನಡತೆಯ ಹೆಸರಿನಲ್ಲೇ ಬಿಟ್ಟದ್ದು, ಹೂಮಾಲೆ ಹಾಕಿದ್ದು. 2024ರ ಜನವರಿ 8ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ ಮತ್ತೆ ಒಳಗೆ ಕಳಿಸಿತು. ಅದಕ್ಕೂ ಆ ಹೆಣ್ಣುಮಗಳೇ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು.

ಧಾರವಾಡ ವಕೀಲೆ

ಹೆಸರು ಬೇಡ ಎಂದವರೇ, ನಿಮ್ಮ ಪ್ರಶ್ನೆಗೆ ಕಾನೂನಿನಲ್ಲಿ ಅರ್ಧ ಉತ್ತರವಿದೆ. ಕೈದಿಗಳ ಕೂಲಿಯ ಬಗ್ಗೆ 1998ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ, ಆ ಕೂಲಿಯ ಒಂದು ಭಾಗವನ್ನು ನೊಂದವರ ಪರಿಹಾರಕ್ಕೆ ತೆಗೆದಿಡುವಂತೆ ಕಾಯ್ದೆ ಮಾಡಬೇಕು ಎಂದು ಅದೇ ಉಸಿರಿನಲ್ಲಿ ಹೇಳಿತ್ತು. ಕೂಲಿ ಹೆಚ್ಚಿದ ಸುದ್ದಿ ಪತ್ರಿಕೆಯಲ್ಲಿ ದೊಡ್ಡದಾಗಿ ಬರುತ್ತದೆ, ಈ ಎರಡನೆಯ ಭಾಗದ ಚರ್ಚೆ ಎಲ್ಲೂ ಕಾಣುವುದಿಲ್ಲ. ಪರಿಹಾರದ ಬಗ್ಗೆ ಬೇರೆಯಾಗಿ ಬರೆಯುತ್ತೇನೆ, ಅದು ನಿಮಗೆ ಈಗಲೂ ಉಪಯೋಗಕ್ಕೆ ಬರಬಹುದು.

ಸೆಟ್ಲಮೆಂಟ್ ಹುಡುಗ, ಹುಬ್ಬಳ್ಳಿ

ಮೇಲೆ ಯಾರೋ ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂದಿದ್ದಾರೆ. ಆ ಗಾದೆಯನ್ನು ಬ್ರಿಟಿಷರು ಕಾಯ್ದೆಯನ್ನೇ ಮಾಡಿದ್ದರು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ, 1911ರಲ್ಲಿ ಅದನ್ನು ವಿಸ್ತರಿಸಿ ಮುಂಬೈ ಪ್ರಾಂತ್ಯಕ್ಕೂ ತಂದರು. ಅಲೆದಾಡುತ್ತಿದ್ದ ಸಮುದಾಯಗಳನ್ನು ಹಿಡಿದು, ಹುಟ್ಟಿನಿಂದಲೇ ಅಪರಾಧಿಗಳು ಎಂದು ಪಟ್ಟಿ ಮಾಡಿ, ಬೇಲಿ ಹಾಕಿದ ‘ಸೆಟ್ಲಮೆಂಟ್’ ವಸತಿಗಳಲ್ಲಿ ಇಟ್ಟರು. ವಿಜಯಪುರ, ಗದಗ, ಹುಬ್ಬಳ್ಳಿಗಳಲ್ಲಿ ಅಂಥವು ಇದ್ದವು. ಹಾಜರಿ ಕೊಡಬೇಕು, ಹೊರಗೆ ಹೋಗಲು ಪಾಸು ಬೇಕು, ಮಕ್ಕಳನ್ನು ತಂದೆತಾಯಿಯಿಂದ ಬೇರೆ ಇಟ್ಟು ಸಂಸ್ಕಾರ ಕಲಿಸಬೇಕು. ಇದಕ್ಕೆಲ್ಲ ಅವರು ಕೊಟ್ಟ ಹೆಸರು ಏನು ಗೊತ್ತೇ? ಸುಧಾರಣೆ. ಅಗ್ಗದ ಕೂಲಿಗೆ ಗಿರಣಿಗಳಿಗೆ ಆಳು ಸಿಕ್ಕರು.

1952ರಲ್ಲಿ ಕಾಯ್ದೆ ರದ್ದಾಯಿತು. ಅದರ ಜಾಗದಲ್ಲಿ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆ ತಂದವು, ನಮ್ಮದು 1961ರದ್ದು. ನಮ್ಮ ಓಣಿಯನ್ನು ಇಂದಿಗೂ ಆಟೋದವರು ಸೆಟ್ಲಮೆಂಟ್ ಎಂದೇ ಕರೆಯುತ್ತಾರೆ. ಕೆಲಸದ ಅರ್ಜಿಯಲ್ಲಿ ಆ ವಿಳಾಸ ಬರೆದು, ಸಂದರ್ಶನದಲ್ಲಿ ‘ಓ, ಅಲ್ಲಿಯವರಾ’ ಎಂಬ ಮಾತು ಕೇಳಿ ಬಂದವನು ನಾನು. ಯಾವ ಜೈಲನ್ನೂ ನೋಡಿದವನಲ್ಲ. ಪತ್ರಕರ್ತೆ ಸುಕನ್ಯಾ ಶಾಂತಾ ಅವರ ಅರ್ಜಿಯ ಮೇಲೆ 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಜೈಲುಗಳಲ್ಲಿ ಜಾತಿ ನೋಡಿ ಕಸಗುಡಿಸುವ ಕೆಲಸ ಹಂಚುವುದನ್ನೂ, ಕೈಪಿಡಿಗಳಲ್ಲಿ ನಮ್ಮಂಥ ಸಮುದಾಯಗಳನ್ನು ‘ರೂಢಿಯ ಅಪರಾಧಿಗಳು’ ಎಂದು ಹಣೆಪಟ್ಟಿ ಹಚ್ಚುವುದನ್ನೂ ಅಸಾಂವಿಧಾನಿಕ ಎಂದಿತು. 2024ರವರೆಗೆ ಅದು ಕೈಪಿಡಿಗಳಲ್ಲಿ ಇತ್ತು, ನೆನಪಿರಲಿ.

ಹಾಗಾಗಿ ನನಗೆ ಎರಡೂ ಕಡೆಯವರ ಮೇಲೆ ಅನುಮಾನ. ‘ಇವರು ಬದಲಾಗುವುದಿಲ್ಲ’ ಎನ್ನುವವರ ಮೇಲಂತೂ ಸರಿ, ‘ಇವರನ್ನು ನಾವು ತಿದ್ದುತ್ತೇವೆ’ ಎಂದು ತೋಳೇರಿಸುವವರ ಮೇಲೂ. ಒಬ್ಬ ಮನುಷ್ಯ ಒಂದು ತಪ್ಪು ಮಾಡಿದ, ಅದಕ್ಕೆ ಶಿಕ್ಷೆ ಅನುಭವಿಸಿದ, ಮುಗಿಯಿತು ಎನ್ನುವ ಸರಳ ಲೆಕ್ಕ ನಮಗೆ ಯಾಕೆ ಬರುವುದಿಲ್ಲ?

ಖಾರದಪುಡಿ

ಗಾದೆ ಹಾಕಿದ್ದು ನಾನೇ. ನಿಮ್ಮ ಸಮುದಾಯದ ಮೇಲೆ ಹಾಕಿದ್ದಲ್ಲ, ಆದರೂ ನಿಮಗೆ ತಗುಲಿತು ಎಂದು ಗೊತ್ತಾಯಿತು.

ಮೇಷ್ಟರಿಗೆ ಒಂದು ಪ್ರಶ್ನೆ ಬಾಕಿ ಇದೆ. ಇಂಗ್ಲೆಂಡಿನಲ್ಲಿ ಲೈಂಗಿಕ ಅಪರಾಧಿಗಳಿಗೆ ವರ್ಷಗಟ್ಟಲೆ ಚಿಕಿತ್ಸೆ ಕೊಟ್ಟು, ಕೊನೆಗೆ ಲೆಕ್ಕ ನೋಡಿದರೆ ಚಿಕಿತ್ಸೆ ಪಡೆದವರೇ ಹೆಚ್ಚು ಅಪರಾಧ ಮಾಡಿದ್ದರು ಎಂದು ಓದಿದ್ದೆ. ಅದಕ್ಕೇನು ಹೇಳುತ್ತೀರಿ?

ಲೆಕ್ಕದ ಮೇಷ್ಟರು

ಸರಿಯಾಗಿಯೇ ಓದಿದ್ದೀರಿ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಜೈಲುಗಳಲ್ಲಿ ತೊಂಬತ್ತರ ದಶಕದಿಂದ ನಡೆದ ಕಾರ್ಯಕ್ರಮ ಅದು. ಚಿಕಿತ್ಸೆ ಪಡೆದ 2,562 ಜನರನ್ನು, ಪಡೆಯದ 13,219 ಜನರೊಂದಿಗೆ ಸರಾಸರಿ ಎಂಟು ವರ್ಷ ಹೋಲಿಸಿದರು. ಮತ್ತೆ ಲೈಂಗಿಕ ಅಪರಾಧ ಮಾಡಿದವರು ಮೊದಲ ಗುಂಪಿನಲ್ಲಿ ಶೇ 10, ಎರಡನೆಯದರಲ್ಲಿ ಶೇ 8. ಗುಂಪಿನಲ್ಲಿ ಕುಳಿತು ತಮ್ಮ ಅಪರಾಧಗಳನ್ನು ಮತ್ತೆ ಮತ್ತೆ ಬಿಡಿಸಿ ಹೇಳುವುದರಿಂದ ಅದು ಅವರಿಗೆ ಸಹಜವೆನಿಸಿರಬಹುದು ಎಂಬುದು ಒಂದು ಊಹೆ. 2017ರಲ್ಲಿ ಸರ್ಕಾರವೇ ಆ ವರದಿ ಪ್ರಕಟಿಸಿತು, ಕಾರ್ಯಕ್ರಮ ನಿಂತಿತು.

ನನಗೆ ಇದರಲ್ಲಿ ಮೆಚ್ಚುಗೆಯಾದದ್ದು ಅವರು ಅಳೆದರು ಎಂಬುದು. ಇತರ ಅಪರಾಧಿಗಳಿಗೆ, ಸಿಟ್ಟು ಬಂದಾಗ ಏನು ಯೋಚಿಸುತ್ತೀಯ, ಮುಂದೇನಾಗುತ್ತದೆ ಎಂದು ಹಂತಹಂತವಾಗಿ ಅಭ್ಯಾಸ ಮಾಡಿಸುವ ತರಬೇತಿಯ 58 ಅಧ್ಯಯನಗಳನ್ನು 2007ರಲ್ಲಿ ಒಟ್ಟುಗೂಡಿಸಿದಾಗ ಮರು ಅಪರಾಧ ಸರಾಸರಿ ಕಾಲುಭಾಗದಷ್ಟು ಕಡಿಮೆ ಕಂಡಿತು. ಜೈಲಿನ ಓದಿನ ಬಗ್ಗೆ ಅಮೆರಿಕದ ಸಂಶೋಧನಾ ಸಂಸ್ಥೆಯ 2013ರ ರ್‍ಯಾಂಡ್ ವರದಿಯಲ್ಲಿ ಮರಳಿ ಒಳಹೋಗುವವರ ಪ್ರಮಾಣ 13 ಶೇಕಡಾಂಶ ಕಡಿಮೆ. ಓದಲು ಮುಂದೆ ಬರುವವನು ಮೊದಲೇ ಬದಲಾಗಲು ಸಿದ್ಧನಿದ್ದವನು ಎಂಬ ಆಕ್ಷೇಪಣೆ ಇದ್ದೇ ಇದೆ, ಅದನ್ನು ಪೂರ್ತಿ ಕಳೆಯಲಾಗುವುದಿಲ್ಲ. ನೂರಕ್ಕೆ ನಲವತ್ತು ಜನ ಹಿಂದಿರುಗುವ ಕಡೆ ಮೂವತ್ತು ಜನ ಹಿಂದಿರುಗಿದರೆ ಅದು ಪವಾಡವಲ್ಲ. ಆದರೆ ಆ ಹತ್ತು ಅಪರಾಧಗಳು ಯಾರ ಮನೆಯಲ್ಲಿ ನಡೆಯಬೇಕಿತ್ತೋ ಅವರನ್ನು ಕೇಳಿ ನೋಡಿ.

ನಮ್ಮಲ್ಲಿ? ಯೋಗ, ಧ್ಯಾನ, ಬೇಕರಿ, ಎಲ್ಲದರ ಉದ್ಘಾಟನೆಯ ಫೋಟೊ ಇದೆ. ಬಿಡುಗಡೆಯಾದವರನ್ನು ಮೂರು ವರ್ಷ ಗಮನಿಸಿ ಎಷ್ಟು ಮಂದಿ ಮರಳಿದರು ಎಂದು ಹೇಳುವ ರಾಷ್ಟ್ರೀಯ ಲೆಕ್ಕವೇ ಇಲ್ಲ. ಹಾಗಾಗಿ ಇಲ್ಲಿ ‘ಫಲ ಕೊಟ್ಟಿದೆ’ ಎನ್ನುವವನೂ ‘ಕೊಟ್ಟಿಲ್ಲ’ ಎನ್ನುವವನೂ ಗಾಳಿಯಲ್ಲಿ ಗುದ್ದುತ್ತಿದ್ದಾರೆ.

ಮರಳುಗಾಡಿನ ಕನ್ನಡತಿ

ಗಂಡನ ಕೆಲಸದಿಂದಾಗಿ ಜೈಪುರದಲ್ಲಿ ಇದ್ದೆವು. ಅಲ್ಲಿನ ಸಾಂಗಾನೇರ್‌ನಲ್ಲಿ ಒಂದು ಬಯಲು ಬಂದೀಖಾನೆ ಇದೆ, 1963ರದ್ದು, ಸಂಪೂರ್ಣಾನಂದರ ಹೆಸರಿನದು. ನಮ್ಮ ಮನೆಗೆ ಬಣ್ಣ ಬಳಿಯಲು ಬಂದವನು ಸಂಜೆಯಾಗುತ್ತಲೇ ಗಡಿಯಾರ ನೋಡುತ್ತಿದ್ದ. ಏನಪ್ಪ ಅವಸರ ಎಂದರೆ ‘ಹಾಜರಿಗೆ ಹೋಗಬೇಕು ಮೇಡಂ, ನಾನು ಕೈದಿ’ ಎಂದ. ನನ್ನ ಕೈಯಲ್ಲಿದ್ದ ಚಹಾ ಲೋಟ ಅಲುಗಿತು, ನಿಜ.

ಅಲ್ಲಿ ಹೆಂಡತಿ ಮಕ್ಕಳೊಂದಿಗೆ ಇರುತ್ತಾರೆ. ಬೆಳಿಗ್ಗೆ ಹೊರಗೆ ಹೋಗಿ ದುಡಿದು, ಸಂಜೆ ಬಂದು ಹಾಜರಿ ಕೊಡುತ್ತಾರೆ. ಮನೆ ಖರ್ಚು ಅವರದ್ದೇ, ಸರ್ಕಾರ ಊಟ ಹಾಕುವುದಿಲ್ಲ. ಕೈದಿಗಳ ಪಂಚಾಯಿತಿಯೇ ಹಾಜರಿ ತೆಗೆದುಕೊಳ್ಳುತ್ತದೆ, ಕಾವಲಿಗೆ ಬೆರಳೆಣಿಕೆಯ ಸಿಬ್ಬಂದಿ. ಇರುವವರಲ್ಲಿ ಹೆಚ್ಚಿನವರು ಕೊಲೆಗೆ ಜೀವಾವಧಿ ಆದವರು, ಶಿಕ್ಷೆಯ ಮೂರನೆಯ ಒಂದು ಭಾಗ ಮುಚ್ಚಿದ ಜೈಲಿನಲ್ಲಿ ಕಳೆದು ಬಂದವರು. ಗೋಡೆ ಎತ್ತರವಿಲ್ಲ. ಓಡಿಹೋದರೆ ಹೆಂಡತಿ ಮಕ್ಕಳನ್ನೂ ಕೆಲಸವನ್ನೂ ಬಿಟ್ಟು ಹೋಗಬೇಕು.

ಬಣ್ಣದವನು ಎರಡು ಕೋಣೆ ಮುಗಿಸಿದ. ಕೆಲಸ ಪರವಾಗಿಲ್ಲ, ಮೂಲೆಗಳಲ್ಲಿ ಸ್ವಲ್ಪ ಸೋಮಾರಿ.

ನಿವೃತ್ತ ಜೈಲರ್

ನಮ್ಮಲ್ಲೂ ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿ ಬಯಲು ಬಂದೀಖಾನೆ ಇದೆ. ಬೇಸಾಯ, ಹಸು. ಬೆಂಗಳೂರಿನ ಕೋರಮಂಗಲ ಎಂದುಕೊಂಡು ಹೋದವರಿದ್ದಾರೆ. ಇಡೀ ರಾಜ್ಯಕ್ಕೆ ಅದು ಯಾವ ಮೂಲೆಗೂ ಸಾಲದು. ಯಾಕೆ ಹೆಚ್ಚಿಸಲಿಲ್ಲ ಎಂದು ಕೇಳಿದರೆ, ಒಬ್ಬ ಓಡಿಹೋದರೆ ಅಮಾನತಾಗುವವನು ಅಧಿಕಾರಿ. ನೂರು ಜನ ಸರಿದಾರಿಗೆ ಬಂದರೆ ಅವನಿಗೆ ಸಿಗುವುದು ಏನೂ ಇಲ್ಲ.

ಬಡಗಿ ಅಂಗಡಿ, ದಾವಣಗೆರೆ

ಎಲ್ಲವನ್ನೂ ಓದಿದೆ. ಹೆಸರು ಬೇಡ ಎಂದವರ ಮಾತನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ಹೆಂಡತಿ ‘ಸತ್ತವನ ಮನೆಯವರು ಎಲ್ಲಿದ್ದಾರೆ ಎಂದು ಅವನನ್ನೇ ಕೇಳಿದ್ದೀರಾ’ ಎಂದಳು. ಕೇಳಿದೆ. ಪಕ್ಕದ ತಾಲ್ಲೂಕಿನಲ್ಲಿ ಇದ್ದಾರಂತೆ, ಅದಕ್ಕೇ ಇವನು ಊರಿಗೆ ಹೋಗದೆ ಇಲ್ಲಿಗೆ ಬಂದದ್ದಂತೆ. ಬದುವಿನ ಆ ತುಂಡು ಜಮೀನು ಈಗ ಅವರ ಉಳುಮೆಯಲ್ಲೇ ಇದೆ, ಇವನು ಕೇಳಲು ಹೋಗಿಲ್ಲ.

ಕೆಲಸಕ್ಕೆ ಇಟ್ಟುಕೊಳ್ಳುತ್ತಿದ್ದೇನೆ. ಸದ್ಯಕ್ಕೆ ಹಗಲು ಮಾತ್ರ. ಮಲಗಲು, ಅವನನ್ನು ಕರೆತಂದ ಮೇಷ್ಟರ ಮನೆಯ ಹಿಂದಿನ ಕೊಠಡಿ. ಹುಡುಗರಲ್ಲಿ ಒಬ್ಬ ಒಪ್ಪಿದ, ಇನ್ನೊಬ್ಬ ಹರಿಹರದ ಬೇರೆ ಅಂಗಡಿಗೆ ಹೋದ. ಒಳ್ಳೆಯ ಕೆಲಸಗಾರ, ನಷ್ಟವೇ.

ವಕೀಲೆ ಮೇಡಂ ಅವರಿಗೆ: ಅವನ ಬಿಡುಗಡೆಗೆ ಷರತ್ತುಗಳಿವೆ ಎನ್ನುತ್ತಾನೆ. ನನಗೇನಾದರೂ ಕಾನೂನು ತೊಡಕು ಬರುತ್ತದೆಯೇ? ಅವನಿಗೆ ಬ್ಯಾಂಕ್ ಖಾತೆ ಚಾಲ್ತಿಯಲ್ಲಿಲ್ಲ, ಪಡಿತರ ಚೀಟಿಯಿಂದ ಹೆಸರು ಹೋಗಿದೆ, ಮೊಬೈಲ್ ಇಲ್ಲದೆ ಏನೂ ಆಗುತ್ತಿಲ್ಲ.

ಧಾರವಾಡ ವಕೀಲೆ

ನಿಮಗೆ ತೊಡಕಿಲ್ಲ. ಅವಧಿಪೂರ್ವ ಬಿಡುಗಡೆಯ ಆದೇಶದ ಪ್ರತಿ ಅವನ ಬಳಿ ಇರುತ್ತದೆ, ಒಂದು ನಕಲು ಇಟ್ಟುಕೊಳ್ಳಿ. ಷರತ್ತು ಮೀರಿದರೆ ಸರ್ಕಾರ ಮಾಫಿಯನ್ನು ರದ್ದು ಮಾಡಿ ಉಳಿದ ಶಿಕ್ಷೆಗೆ ಒಳಗೆ ಹಾಕಬಹುದು. ಠಾಣೆಗೆ ಹೋಗಿ ಸಹಿ ಮಾಡಬೇಕು ಎಂದಿದ್ದರೆ ಆ ದಿನ ರಜೆ ಕೊಡಿ, ಸಂಬಳ ಹಿಡಿಯಬೇಡಿ. ವಿಳಾಸ ಬದಲಾಗಿರುವುದನ್ನು ಠಾಣೆಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಲಿ. ಊರಿನಲ್ಲಿ ಯಾವುದೇ ಕಳವಾದರೂ ಮೊದಲು ಅವನನ್ನು ಕರೆಯುತ್ತಾರೆ, ಆಗ ನಿಮ್ಮ ಹಾಜರಿ ಪುಸ್ತಕವೇ ಅವನ ಸಾಕ್ಷಿ. ದಿನವೂ ಬರೆದಿಡಿ.

ಮೊದಲು ಆಧಾರ್‌ಗೆ ಮೊಬೈಲ್ ಸಂಖ್ಯೆ ಜೋಡಿಸಿ, ಆಮೇಲೆ ಬ್ಯಾಂಕ್, ಕೊನೆಗೆ ಪಡಿತರ ಚೀಟಿ. ಈ ಕ್ರಮದಲ್ಲೇ ಹೋಗಿ.

ನಿವೃತ್ತ ಜೈಲರ್

ಜೈಲಿನಲ್ಲಿ ದುಡಿದ ಕೂಲಿಯ ಲೆಕ್ಕ ಅವನ ಹೆಸರಿನಲ್ಲಿ ಬಾಕಿ ಉಳಿದಿದೆಯೇ ಎಂದು ಕೇಳಿ. ಖಾತೆ ನಿಂತುಹೋಗಿದ್ದರೆ ಹಣ ಅಲ್ಲೇ ಇರುತ್ತದೆ. ಅಧೀಕ್ಷಕರಿಗೆ ಅರ್ಜಿ, ಕೈದಿ ಸಂಖ್ಯೆ, ಬಿಡುಗಡೆಯ ದಿನಾಂಕ ಸಾಕು.

ಹೆಸರು ಬೇಡ

ಪರಿಹಾರದ ಬಗ್ಗೆ ಬರೆಯುತ್ತೇನೆ ಎಂದಿದ್ದಿರಿ.

ಧಾರವಾಡ ವಕೀಲೆ

ಮರೆತಿಲ್ಲ. ರಾಜ್ಯದಲ್ಲಿ ಸಂತ್ರಸ್ತರ ಪರಿಹಾರ ಯೋಜನೆ 2011ರಿಂದ ಇದೆ. ನಿಮ್ಮ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇರುತ್ತದೆ. ಅರ್ಜಿ ನಿಮ್ಮ ಅತ್ತಿಗೆಯ ಹೆಸರಿನಲ್ಲಿರಲಿ. ಎಫ್‌ಐಆರ್ ಪ್ರತಿ, ಮರಣೋತ್ತರ ಪರೀಕ್ಷೆಯ ವರದಿ, ತೀರ್ಪಿನ ಪ್ರತಿ, ಅವರು ಅವಲಂಬಿತರು ಎಂಬುದಕ್ಕೆ ದಾಖಲೆ. ತೀರ್ಪಿನ ಪ್ರತಿ ಇಲ್ಲದಿದ್ದರೆ ಮೊಕದ್ದಮೆ ಸಂಖ್ಯೆ ಹಿಡಿದು ನಕಲು ಶಾಖೆಗೆ ಹೋಗಿ. ಇಷ್ಟು ವರ್ಷ ಯಾಕೆ ಬರಲಿಲ್ಲ ಎಂದು ಕೇಳಿಯೇ ಕೇಳುತ್ತಾರೆ. ಯಾರೂ ತಿಳಿಸಲಿಲ್ಲ ಎಂದೇ ಬರೆಯಿರಿ, ವಿಳಂಬ ಮನ್ನಿಸಬೇಕೆಂಬ ಪ್ರಾರ್ಥನೆಯನ್ನೂ ಸೇರಿಸಿ. ಸಿಕ್ಕೇ ಸಿಗುತ್ತದೆ ಎಂದು ಮಾತು ಕೊಡಲಾರೆ. ಪೆರೋಲ್ ಅಥವಾ ಬಿಡುಗಡೆಯ ಮುನ್ನ ನಮಗೆ ತಿಳಿಸಬೇಕು ಎಂದು ಜೈಲಿನ ಅಧೀಕ್ಷಕರಿಗೂ ಠಾಣೆಗೂ ಒಂದೊಂದು ಪತ್ರ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಜೋಪಾನ.

ಹೆಸರು ಬೇಡ

ಮೊಕದ್ದಮೆ ಸಂಖ್ಯೆ ಅಮ್ಮನ ಟ್ರಂಕಿನಲ್ಲಿದೆ. ಸೋಮವಾರ ನಕಲು ಶಾಖೆಗೆ ಹೋಗುತ್ತೇನೆ. ಅಲ್ಲಿ ಎಷ್ಟು ಗಂಟೆಯವರೆಗೆ ಅರ್ಜಿ ತೆಗೆದುಕೊಳ್ಳುತ್ತಾರೆ?

ಧಾರವಾಡ ವಕೀಲೆ

ಬೆಳಿಗ್ಗೆಯೇ ಹೋಗಿ. ಮಧ್ಯಾಹ್ನದ ಮೇಲೆ ‘ನಾಳೆ ಬನ್ನಿ’ ಎನ್ನುತ್ತಾರೆ.